ದೂರದೂರಿನವರ ಕೂಡುಕೆಲಸವೂ ಜೋಳದ ಸುಳಿಯ ಹುಳುವೂ

ಮುಸುಕಿನ ಜೋಳದ ಸುಳಿಯನ್ನು ತಿಂದುಹಾಕುವ ಫಾಲ್ ಸೈನಿಕ ಹುಳುವು ಅಮೆರಿಕಾ ಖಂಡದ ಮೂಲದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ನೆಯ ಇಸವಿ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗೆಯ ಹೊಲಗಳಲ್ಲಿ ಗುರುತಿಸಲ್ಪಟ್ಟಿತು. ಭಾರತದೇಶದಲ್ಲಿ ಅದರ ಮೊದಲ ದಾಖಲೆ ಅದೇ. ಇದರ ಪತಂಗವು ಒಂದು ರಾತ್ರಿಗೆ ನೂರು ಕಿಲೋಮೀಟರಿನಷ್ಟು ಹಾರಬಲ್ಲುದು. ಇಂಥ ಶತ್ರುವಿಗೆ ಹೋಬಳಿ ತಾಲ್ಲೂಕುಗಳ ಗಡಿಯಿಲ್ಲ. ಆದುದರಿಂದ ಅದನ್ನು ತಡೆಯುವವರೂ ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ ಒಂದಾಗಿ ಕೆಲಸಮಾಡಬೇಕಾಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು 2018ರಲ್ಲಿ ಇದಕ್ಕಾಗಿಯೇ ಮೊಬೈಲ್ ಫೋನಿನಲ್ಲಿ ನಡೆಯುವ ಸಾಧನವೊಂದನ್ನು ಸಿದ್ಧಪಡಿಸಿದರು. ಹುಳು ಬಿದ್ದ ಗಿಡಗಳ ಲೆಕ್ಕವನ್ನೂ ಬಲೆಗೆ ಬಿದ್ದ ಪತಂಗಗಳ ಲೆಕ್ಕವನ್ನೂ ಅದರಲ್ಲಿ ತುಂಬಿದರೆ, ದೂರದ ತಜ್ಞರು ಭೂಪಟದ ಮೇಲೆ ಅದನ್ನು ಕಾಣುವರು.

ನಮ್ಮ ಗ್ರಾಮಗಳಲ್ಲಿ ವಾಟ್ಸಾಪಿನ ಮೂಲಕ ಚಿತ್ರ ಕಳುಹಿಸಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುವುದು ರೂಢಿಯಾಗಿದೆ. ರೂಢಿ ಒಳ್ಳೆಯದೇ, ಅದರಲ್ಲಿ ಕ್ರಮವಿಲ್ಲವೆಂಬುದೇ ನನ್ನ ಆಕ್ಷೇಪಣೆ. ಹರಿದ ಒಂದೆಲೆಯ ಚಿತ್ರ ಬರುವುದು. ಊರು ಯಾವುದು, ಬಿತ್ತಿ ಎಷ್ಟು ದಿನವಾಯಿತು, ಏನು ಸಿಂಪಡಿಸಿದ್ದಾರೆ, ಒಂದೂ ಇರದು. ಕೆಲವೊಮ್ಮೆ ಅದು ಮೂರು ಜಿಲ್ಲೆಗಳನ್ನು ದಾಟಿಬಂದ ಹಳೆಯ ಚಿತ್ರ! ತಜ್ಞರು ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟರಲ್ಲಿ ನಾಲ್ಕು ದಿನ ಕಳೆಯುವುದು. ಮೊಟ್ಟೆಯೊಡೆದು ಮರಿ ಹೊರಬರಲು ಎರಡು ಮೂರು ದಿನ ಸಾಕು. ಬಲಿತ ಹುಳುವು ಸುಳಿಯೊಳಗೆ ಹೊಕ್ಕು, ತನ್ನ ಹಿಕ್ಕೆಯ ಮರೆಯಲ್ಲಿ ಕುಳಿತಮೇಲೆ ಔಷಧವು ಅದಕ್ಕೆ ತಗಲುವುದೇ ಕಷ್ಟ. ದುಡ್ಡೂ ಹೋಯಿತು, ಬೆಳೆಯೂ ಹೋಯಿತು.

ಆದಕಾರಣ ಗ್ರಾಮದ ಮುಖಂಡರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಊರಿಗೊಬ್ಬ ಓದುಬರಹ ಬಲ್ಲ ಯುವಕನನ್ನೋ ಯುವತಿಯನ್ನೋ ಈ ಕೆಲಸಕ್ಕೆ ಗೊತ್ತುಮಾಡಿರಿ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂಥ ಗುರುತು, ಬಾಲದ ಸಮೀಪದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಇವೆರಡೂ ಕಾಣುವಂತೆ ಚಿತ್ರ ತೆಗೆಯತಕ್ಕದ್ದು. ಸರ್ವೆ ನಂಬರೂ ಬಿತ್ತಿದ ತಾರೀಖೂ ಜೊತೆಗಿರತಕ್ಕದ್ದು. ಬಂದ ಸಲಹೆಯನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಫೋನಿನಲ್ಲಿ ಮೇಲಕ್ಕೆ ಸರಿದುಹೋದ ಮಾತನ್ನು ಮುಂದಿನ ಹಂಗಾಮಿನಲ್ಲಿ ಹುಡುಕುವವರಾರು?

ಪಟ್ಟಣವಾಸಿಗಳಾದ ಜಮೀನುದಾರರಿಗೆ ಒಂದು ಮಾತು. ಸಲಹೆಯು ತಮ್ಮ ಫೋನಿಗೆ ಬಂದರೆ ಸಾಲದು. ಹೊಲದಲ್ಲಿ ಪಂಪು ಹೊತ್ತವನಿಗೆ ಅದೇ ದಿನ ಮುಟ್ಟಬೇಕು. ಓದಲಾರದವನಿಗೆ ತಮ್ಮ ಧ್ವನಿಯಲ್ಲಿಯೇ ಹೇಳಿ ಕಳುಹಿಸಿ, ಔಷಧದ ಪ್ರಮಾಣವನ್ನು ಅವನಿಂದ ತಿರುಗಿ ಹೇಳಿಸತಕ್ಕದ್ದು. ಇನ್ನು ಕಾಂಡ ಕೊಳೆಯುವಂಥ ರೋಗಗಳು ಬರಿಯ ಚಿತ್ರದಿಂದ ತೀರ್ಮಾನವಾಗತಕ್ಕವಲ್ಲ. ಅಂಥ ಗಿಡವನ್ನು ಬೇರುಸಹಿತ ಕಿತ್ತು, ಕಾಗದದಲ್ಲಿ ಸುತ್ತಿ, ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಿಸಬೇಕು.