ಜಲಜನಕ ಅಗ್ಗವಾಗಲಿ, ನಮ್ಮ ಕಾವಲು ಅಗ್ಗವಾಗದಿರಲಿ

ತಳಕಿನ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ಗಾಳಿಗೆ ಬರವಿಲ್ಲ, ಬರವಿರುವುದು ನೀರಿಗೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನೆರೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. ಈಗ ಇಂಥ ವಿದ್ಯುಚ್ಛಕ್ತಿಯನ್ನು ನೀರಿನಲ್ಲಿ ಹಾಯಿಸಿ ಜಲಜನಕ ತೆಗೆಯುವ ಮಾತು ದೇಶದಲ್ಲೆಲ್ಲ ಕೇಳಿಬರುತ್ತಿದೆ.

ಇದು ಶ್ರೀಮಂತರ ಆಟಿಕೆಯೆಂದು ತಳ್ಳಿಹಾಕುವಂತಿಲ್ಲ. ರೈತ ಹೊಲಕ್ಕೆ ಹಾಕುವ ಯೂರಿಯಾಕ್ಕೆ ಮೂಲ ಅಮೋನಿಯಾ. ಅಮೋನಿಯಾಕ್ಕೆ ಬೇಕು ಜಲಜನಕ. ಇಂದು ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಅನಿಲದ ಬಹುಭಾಗ ಹೊರದೇಶದಿಂದ ಬರುತ್ತದೆ. ನೀರಿನಿಂದ ತೆಗೆಯುವುದೂ ಹೊಸದಲ್ಲ. 1960ರ ದಶಕದ ಆರಂಭದಲ್ಲೇ ಪಂಜಾಬಿನ ನಂಗಲ್ ಗೊಬ್ಬರದ ಕಾರ್ಖಾನೆ ಭಾಕ್ರಾ ವಿದ್ಯುತ್ತಿನಿಂದ ಈ ಕೆಲಸ ಮಾಡಿತು. ಮುಂದೆ ಆ ಕಾರ್ಖಾನೆಯೂ ಎಣ್ಣೆಗೆ, ಅನಿಲಕ್ಕೆ ತಿರುಗಿತು. ಅಗ್ಗದ ವಿದ್ಯುತ್ತಿಲ್ಲದೆ ಈ ಉದ್ಯಮ ನಿಲ್ಲದು.

ಲೆಕ್ಕ ನೋಡಿ. ಒಂದು ಕಿಲೋ ಜಲಜನಕಕ್ಕೆ 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ 5 ರೂಪಾಯಿಯಾದರೆ ವಿದ್ಯುತ್ತಿಗೇ 250 ರೂಪಾಯಿಗೆ ಕಡಿಮೆಯಿಲ್ಲ. 3 ರೂಪಾಯಿಯಾದರೆ 150ರ ಮೇಲೆ. ಯಂತ್ರದಲ್ಲಿ ಎಳ್ಳಷ್ಟೂ ನಷ್ಟವಿಲ್ಲದಿದ್ದರೆ ಸುಮಾರು 39 ಯೂನಿಟ್ ಸಾಕು. ಉಳಿದದ್ದು ಬಹುಪಾಲು ಬಿಸಿಯಾಗಿ ಹೋಗುತ್ತದೆ. ಯಂತ್ರದ ಬೆಲೆ ಬೇರೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ದುಡಿದವರಿಗೆ ಈ ಮಾತು ತಿಳಿಯದ್ದೇನಲ್ಲ: ಶೇಂಗಾ ಬಾರದ ತಿಂಗಳಲ್ಲಿ ಗಿರಣಿ ನಿಂತರೂ ಸಾಲದ ಬಡ್ಡಿ ನಿಲ್ಲದು. ಹಗಲಿನ ಬಿಸಿಲನ್ನೇ ನಂಬಿದ ಯಂತ್ರ ರಾತ್ರಿಯೆಲ್ಲ ಸುಮ್ಮನೆ ಕೂರುತ್ತದೆ. ಬಿಸಿಲಿನ ಜೊತೆಗೆ ಗಾಳಿಯ ವಿದ್ಯುತ್ತೂ ಕೂಡಿದರೆ ಅದು ಹೆಚ್ಚು ಹೊತ್ತು ದುಡಿದು, ಕಿಲೋ ಒಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ.

ಆದ್ದರಿಂದ ಅಗ್ಗ ಮಾಡಲು ಎರಡು ದಾರಿಗಳಿವೆ. ನಷ್ಟವನ್ನು ಕಡಿಮೆ ಮಾಡುವುದು ಒಂದು. ಖರ್ಚನ್ನು ಬಡವನ ತಲೆಗೆ ಕಟ್ಟುವುದು ಇನ್ನೊಂದು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 17,490 ಕೋಟಿ ಉತ್ಪಾದಕರಿಗೂ ಯಂತ್ರ ತಯಾರಕರಿಗೂ ಪ್ರೋತ್ಸಾಹಧನ. ಸಂಶೋಧನೆಗೆ ಇಟ್ಟದ್ದು 400 ಕೋಟಿ! ನಷ್ಟ ತಗ್ಗಿಸುವ ವಿದ್ಯೆಗೆ ಬಿಡಿಗಾಸು, ಬಂಡವಾಳಗಾರನ ಕೈಗೆ ಗಂಟು. ಇದು ತೆರಿಗೆದಾರನ ಹಣ. ಅಂಗಡಿಯಲ್ಲಿ ಸಾಬೂನು ಕೊಳ್ಳುವ ಕೂಲಿಕಾರನೂ ತೆರಿಗೆದಾರನೇ.

ಇನ್ನು ಭೂಮಿಯ ಮಾತು. ಪಾವಗಡದಲ್ಲಿ ಹೊಲ ಗುತ್ತಿಗೆಗೆ ಕೊಟ್ಟವರಿಗೆ ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಯಿತು. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಭೂಮಿಯಿಲ್ಲದ ಕೂಲಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ನಮ್ಮ ತಾಲೂಕಿನಲ್ಲೇ, ಕುದಾಪುರದ ಬಳಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟ 1,500 ಎಕರೆ ಕುರಿ, ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನದು. ಕಾವಲನ್ನು ಬಂಜರೆಂದು ಬರೆದುಕೊಂಡರೆ ಕಾಗದದ ಮೇಲೆ ಜಲಜನಕ ಅಗ್ಗವಾಗಬಹುದು. ಕುರಿಗಾಹಿಗೆ ಅದಕ್ಕಿಂತ ದುಬಾರಿ ಇನ್ನೊಂದಿಲ್ಲ.

ನೀರಿನ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ಕಿಲೋ ಜಲಜನಕಕ್ಕೆ ಒಡೆಯುವ ನೀರು 9 ಲೀಟರ್, ಒಂದು ಕೊಡದಷ್ಟೂ ಇಲ್ಲ. ಶುದ್ಧೀಕರಣ, ತಂಪು ಮಾಡುವುದು ಸೇರಿದರೆ ಹೆಚ್ಚಾಗುತ್ತದೆ. ಆದರೂ ದಿನಕ್ಕೆ ಸಾವಿರ ಕಿಲೋ ತೆಗೆಯುವ ಕಾರ್ಖಾನೆಗೆ ಒಡೆಯಲೇ 9,000 ಲೀಟರ್ ಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ, ಫ್ಲೋರೈಡಿನ ನೀರು ಕುಡಿದು ಹಲ್ಲು ಹಾಳುಮಾಡಿಕೊಂಡ ಊರಿನಿಂದ ಆ ನೀರನ್ನು ಎತ್ತುವುದು ನ್ಯಾಯವಲ್ಲ. ಪಟ್ಟಣದ ಚರಂಡಿ ನೀರನ್ನು ಶುದ್ಧಿಮಾಡಿ ಬಳಸಲಿ.

ನಾವು ಕೇಳುವುದಿಷ್ಟೆ. ಸಂಶೋಧನೆಗೆ ಹಣ ಹೆಚ್ಚಲಿ. ನಮ್ಮ ಕಾವಲಿನ ಮೇಲೆ ಕುಳಿತ ಸಂಸ್ಥೆ ಈ ಯಂತ್ರವನ್ನು ಅಗ್ಗ ಮಾಡುವ ವಿದ್ಯೆಯನ್ನು ನಮ್ಮ ಹುಡುಗರಿಗೂ ಕಲಿಸಲಿ. ಸರ್ಕಾರದ ಪ್ರೋತ್ಸಾಹಧನ ಪಡೆದ ಕಾರ್ಖಾನೆಯಲ್ಲಿ ಸರ್ಕಾರಕ್ಕೆ ಪಾಲಿರಲಿ, ಕೆಲಸ ಮೊದಲು ಸ್ಥಳೀಯರಿಗೆ ಸಿಗಲಿ. ಗ್ರಾಮಸಭೆ ಒಪ್ಪದೆ ಒಂದು ಗುಂಟೆ ಕಾವಲೂ ಕೈಬಿಡದಿರಲಿ. ಬಿಸಿಲು ಎಲ್ಲರ ನೆತ್ತಿಯ ಮೇಲೂ ಒಂದೇ ಸಮ ಸುಡುತ್ತದೆ. ಅದರ ಲಾಭವೂ ಒಂದೇ ಸಮ ಹಂಚಿಕೆಯಾಗಲಿ.