ನುಂಗು ಎಂದವರೇ ಉಣ್ಣು ಎನ್ನುತ್ತಾರೆ

‘ಇದೆಲ್ಲ ಹೊಟ್ಟೆ ತುಂಬಿದವರ ಕಾಯಿಲೆ. ನಮ್ಮ ಕಡೆ ಮಕ್ಕಳಿಗೆ ಊಟ ಸಿಕ್ಕರೆ ಸಾಕಾಗಿದೆ, ಬೇಡ ಅನ್ನುವವರು ಎಲ್ಲಿದ್ದಾರೆ ಸ್ವಾಮಿ?’

ಕಾಲೇಜು ಮಕ್ಕಳ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಶಿರಾ ಸೀಮೆಯಲ್ಲಿ ಕೇಳಿಬರುವ ಮಾತಿದು. ಹೇಳುವವರು ಕೆಟ್ಟವರಲ್ಲ. ಬರಗಾಲ ಕಂಡವರು, ಹಾಸ್ಟೆಲಿನ ತೆಳು ಸಾರು ಉಂಡು ಓದಿ ಮೇಲೆ ಬಂದವರು. ಹಸಿವೆಂದರೆ ಅನ್ನವಿಲ್ಲದಿರುವುದು ಎಂದು ಅವರ ಅನುಭವ ಹೇಳುತ್ತದೆ. ದಲಿತ-ಬಂಡಾಯ ಸಾಹಿತ್ಯವೂ ಅದನ್ನೇ ಹೇಳಿತು, ಸರಿಯಾಗಿಯೇ ಹೇಳಿತು. ಆದರೆ ಅನ್ನ ಎದುರಿಗಿದ್ದೂ ಗಂಟಲಲ್ಲಿ ಇಳಿಯದ ಹುಡುಗಿಗೆ, ಉಂಡು ಮಲಗಿದ ಮೇಲೂ ನಡುರಾತ್ರಿ ಎದ್ದು ಡಬ್ಬಿಗಳನ್ನು ತಡಕಾಡುವ ಹುಡುಗನಿಗೆ ಆ ಹಸಿವಿನ ಚರಿತ್ರೆಯಲ್ಲಿ ಜಾಗವಿಲ್ಲ. ಜಾಗವಿಲ್ಲದ ಮಾತ್ರಕ್ಕೆ ಅಂಥವರೇ ಇಲ್ಲವೆಂದು ತೀರ್ಮಾನಿಸುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ಬುಕ್ಕಾಪಟ್ಟಣದ ಕಡೆಯಿಂದಲೋ ಬರಗೂರಿನ ಕಡೆಯಿಂದಲೋ ಬೆಳಗಿನ ಬಸ್ಸಿಗೆ ಬರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. 2023ರ ಜೂನ್ ತಿಂಗಳಿಂದ ಅವಳ ಟಿಕೆಟ್ಟಿಗೆ ಕಾಸು ಬೇಕಿಲ್ಲ. ಆದರೆ ಬಸ್ಸು ಹಿಡಿಯುವ ಅವಸರದಲ್ಲಿ ತಿಂಡಿಯಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಗೆಳತಿಯರು ಏನೆಂದಾರೋ ಎಂಬ ಸಂಕೋಚ. ಸಂಜೆ ಮನೆ ಸೇರಿದರೆ ಗಂಡಸರೆಲ್ಲ ಉಂಡ ಮೇಲೆ ಉಳಿದದ್ದು. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ; ಇದಕ್ಕೆ ಬಡತನ, ಸಂಪ್ರದಾಯ ಎಂಬ ಹೆಸರುಗಳಿವೆ. ಇದರ ಒಳಗೇ ಇನ್ನೊಂದು ನಡೆಯುತ್ತಿರುತ್ತದೆ. ನೋಡಲು ಬಂದವರು ‘ಹುಡುಗಿ ಸ್ವಲ್ಪ ದಪ್ಪ’ ಎಂದು ಬಿರಿಯಾನಿ ತಿಂದು ಹೋದರು. ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂತು. ಗೆಳತಿಯೊಬ್ಬಳು ಮಾತು ಬಿಟ್ಟಳು. ಸಿಟ್ಟು ಮಾಡಿದರೆ ‘ಓದಿಸಿದ್ದೇ ತಪ್ಪಾಯಿತು’ ಎನ್ನುತ್ತಾರೆ, ಅತ್ತರೆ ‘ಯಾವನಿಗಾಗಿ ಅಳುತ್ತಿದ್ದೀಯ’ ಎಂದು ಕೇಳುತ್ತಾರೆ. ಆ ಮನೆಯಲ್ಲಿ ಅವಳು ಬೇಡವೆನ್ನಬಹುದಾದ ವಸ್ತು ಒಂದೇ, ತಟ್ಟೆ. ಮೊದಲ ವಾರ ಅದು ಸಿಟ್ಟು. ಮೂರನೆಯ ತಿಂಗಳಿಗೆ ಅಭ್ಯಾಸ. ಆಮೇಲೆ ಅವಳಿಗೇ ಬೇಕೆನಿಸಿದರೂ ತುತ್ತು ಇಳಿಯುವುದಿಲ್ಲ.

ಅಣ್ಣ ತಟ್ಟೆ ಎಸೆದರೆ ಸಾರಿಗೆ ಉಪ್ಪು ಕಡಿಮೆಯಾಗಿರಬೇಕು ಎಂದು ಅಮ್ಮಿಜಾನ್ ಅಡುಗೆಮನೆಗೆ ಓಡುತ್ತಾರೆ. ತಂಗಿ ತಟ್ಟೆ ಸರಿಸಿದರೆ ಅದು ಕೊಬ್ಬು.

ನಮ್ಮ ಭಾಷೆಗಳನ್ನೇ ಕೇಳಿಸಿಕೊಳ್ಳಿ. ಕನ್ನಡದಲ್ಲಿ ಸಿಟ್ಟನ್ನು ನುಂಗಿಕೊಳ್ಳಬೇಕು, ಅವಮಾನವನ್ನು ನುಂಗಿಕೊಳ್ಳಬೇಕು, ಬೈಗುಳ ತಿನ್ನಬೇಕು, ಪೆಟ್ಟು ತಿನ್ನಬೇಕು, ಇನ್ನೊಬ್ಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಉರ್ದುವಿನಲ್ಲಿ ಗುಸ್ಸಾ ಕುಡಿಯಬೇಕು, ಆಂಸೂ ಕುಡಿಯಬೇಕು, ಗಮ್ ತಿನ್ನಬೇಕು. ನಾನು ಎರಡೂ ಭಾಷೆಗಳಲ್ಲಿ ಓದಿ ಬೆಳೆದು ಕಂಡದ್ದಿಷ್ಟು: ಈ ಔತಣದಲ್ಲಿ ಎರಡು ಭಾಷೆಗಳಿಗೂ ಜಗಳವಿಲ್ಲ, ಎರಡೂ ಹೆಣ್ಣುಮಕ್ಕಳಿಗೇ ಹೆಚ್ಚು ಬಡಿಸುತ್ತವೆ. ಬೆಳಗಿನಿಂದ ಇಷ್ಟೆಲ್ಲ ನುಂಗಿಸಿ, ರಾತ್ರಿ ಮುದ್ದೆಯನ್ನೂ ನುಂಗು ಎಂದರೆ ಹೊಟ್ಟೆಯಲ್ಲಿ ಜಾಗವೆಲ್ಲಿದೆ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಶಾಲೆಯ ಗೋಡೆಗಳ ಮೇಲೆ ಬರೆಸಿದ್ದೇವೆ. ಎರಡು ಭಾಗಗಳನ್ನೂ ಬಿಡಿಬಿಡಿಯಾಗಿಯೇ ಓದಿಕೊಂಡು ಬಂದಿದ್ದೇವೆ. ಮಾತಿಗೆ ಅವಕಾಶವಿಲ್ಲದವಳ ಊಟವೂ ಕೆಡುತ್ತದೆ ಎಂದು ಜೋಡಿಸಿ ಓದಿದವರು ಕಡಿಮೆ.

ಮನಶ್ಶಾಸ್ತ್ರದವರು ಜೋಡಿಸಿ ಓದಿದ್ದಾರೆ. ಭಾವನೆಗಳನ್ನು ನಿಭಾಯಿಸುವುದರಲ್ಲಿ ಇರುವ ತೊಡಕನ್ನು ಅಳೆಯಲು ಗ್ರಾಟ್ಜ್ ಮತ್ತು ರೋಮರ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು 2004ರಲ್ಲಿ 36 ಪ್ರಶ್ನೆಗಳ ಒಂದು ಮಾಪನ ಪ್ರಕಟಿಸಿದರು. ಸಿಟ್ಟು ಬಾರದಂತೆ ನೋಡಿಕೊಳ್ಳುವುದೇ ನಿಭಾಯಿಸುವುದು ಎಂದು ಅವರು ಹೇಳಲಿಲ್ಲ. ನನಗೀಗ ಆಗುತ್ತಿರುವುದು ಸಿಟ್ಟೋ, ಭಯವೋ, ನಾಚಿಕೆಯೋ ಎಂದು ಗುರುತಿಸಲು ಬರಬೇಕು. ಅದು ಬಂದದ್ದಕ್ಕೆ ತನ್ನನ್ನೇ ಹಳಿದುಕೊಳ್ಳಬಾರದು. ಅದು ಒಳಗೆ ಕುದಿಯುತ್ತಿದ್ದಾಗಲೂ ಕೈಯಲ್ಲಿರುವ ಕೆಲಸ ಸಾಗಬೇಕು. ಇಳಿಸಿಕೊಳ್ಳಲು ಏನಾದರೊಂದು ದಾರಿ ಗೊತ್ತಿರಬೇಕು. ಈ ತೊಡಕು ಹೆಚ್ಚಿದ್ದವರಲ್ಲಿ ಊಟದ ಏರುಪೇರೂ ಹೆಚ್ಚು ಎಂದು ಬೇರೆ ಬೇರೆ ದೇಶಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಊಟ ಬಿಡುವುದು, ಒಮ್ಮೆಲೇ ತಿಂದುಬಿಡುವುದು, ತಿಂದದ್ದನ್ನು ಕಕ್ಕಿಕೊಳ್ಳುವುದು ಇವೆಲ್ಲ ಮೂರ್ಖತನವಲ್ಲ. ಬೇರೆ ದಾರಿ ಗೊತ್ತಿಲ್ಲದವರು ಹಿಡಿದ ದಾರಿ. ಸ್ವಲ್ಪ ಹೊತ್ತು ಮನಸ್ಸು ಹಗುರವಾಗುತ್ತದೆ, ಅದಕ್ಕೇ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ.

‘ಅದು ಫಾರಿನ್ನಿನವರ ಲೆಕ್ಕ’ ಎನ್ನುವವರಿಗೆ ನಮ್ಮ ದೇಶದ್ದನ್ನೇ ಹೇಳೋಣ. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ಪ್ರಕರಣಗಳನ್ನು ಪ್ರಕಟಿಸಿದರು. ಊಟ ನಿರಾಕರಣೆ, ವಾಂತಿ, ಇಳಿದ ತೂಕ ಎಲ್ಲವೂ ಇದ್ದವು. ತಾವು ದಪ್ಪಗಿದ್ದೇವೆಂಬ ಭ್ರಮೆ ಮಾತ್ರ ಇರಲಿಲ್ಲ. ಅಂದರೆ ಅವರು ಸಿನಿಮಾ ನಟಿಯಂತಾಗಲು ಊಟ ಬಿಟ್ಟವರಲ್ಲ. ನಮ್ಮ ಪತ್ರಿಕೆಗಳ ಮಹಿಳಾ ಪುರವಣಿಗಳು ಈ ಕಾಯಿಲೆ ಎಂದ ಕೂಡಲೇ ಫ್ಯಾಷನ್ ಷೋದ ಚಿತ್ರ ಹಾಕುತ್ತವಲ್ಲ, ಆ ಚಿತ್ರದಿಂದಾಗಿಯೇ ಬುಕ್ಕಾಪಟ್ಟಣದ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬೆಂಗಳೂರಿನ 66 ಮನೋವೈದ್ಯರ ಪೈಕಿ ಮೂರರಲ್ಲಿ ಎರಡು ಪಾಲು ಮಂದಿ ಇಂಥ ಒಂದಾದರೂ ಪ್ರಕರಣ ಕಂಡಿದ್ದೇವೆ ಎಂದರು. ಕೇಳಿದ್ದು ಬೆಂಗಳೂರಿನವರನ್ನು. ಶಿರಾ, ಪಾವಗಡ, ಮಧುಗಿರಿಯ ಹುಡುಗಿ ಆ ಬಾಗಿಲು ತಲುಪುವ ಮೊದಲು ಎಷ್ಟು ಬಾಗಿಲು ದಾಟಬೇಕು! ಮೊದಲು ಗ್ಯಾಸ್ಟ್ರಿಕ್ ಮಾತ್ರೆ. ಆಮೇಲೆ ಒಂದು ಬಾಟಲಿ ಗ್ಲೂಕೋಸ್. ಮುಟ್ಟು ನಿಂತಿತೆಂದು ಲೇಡಿ ಡಾಕ್ಟರ್. ಅಲ್ಲಿ ತಾಯಿಯ ಮುಖದಲ್ಲಿ ಬೇರೆಯೇ ಅನುಮಾನ. ದೃಷ್ಟಿ ತೆಗೆಯುವುದು, ತಾಯಿತ ಕಟ್ಟಿಸುವುದು. ಇಷ್ಟರಲ್ಲಿ ವರ್ಷ ಕಳೆದಿರುತ್ತದೆ.

ರಕ್ತಹೀನತೆಯ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ಇಷ್ಟೊಂದು ಮಂದಿ ಬಿಳಿಚಿಕೊಂಡು ಕೂತಿರುವ ತರಗತಿಯಲ್ಲಿ, ಬೇಕೆಂದೇ ತುತ್ತು ಬಿಟ್ಟವಳನ್ನು ಯಾವ ಮೇಷ್ಟ್ರು ಗುರುತಿಸಿಯಾರು? ಬಡತನ ಈ ಕಾಯಿಲೆಯನ್ನು ತಡೆಯುವುದಿಲ್ಲ, ಮುಚ್ಚಿಡುತ್ತದೆ.

ಉಪವಾಸವೂ ಮುಚ್ಚಿಡುತ್ತದೆ. ಶನಿವಾರ ಒಪ್ಪತ್ತು, ಏಕಾದಶಿ, ರಮಝಾನಿನ ರೋಜಾ, ಮುಗಿದ ಮೇಲೆ ನಫಿಲ್ ರೋಜಾ. ಊಟ ಬಿಡಲು ನೆಪ ಹುಡುಕುತ್ತಿರುವವಳಿಗೆ ಇದಕ್ಕಿಂತ ಗೌರವದ ನೆಪ ಇಲ್ಲ. ಮನೆಮಂದಿ ‘ಎಷ್ಟು ಭಕ್ತಿ’ ಎಂದು ಮೆಚ್ಚಿಕೊಳ್ಳುತ್ತಾರೆ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕುರ್‌ಆನಿನಲ್ಲೇ ಇದೆ. ಸಕ್ಕರೆ ಕಾಯಿಲೆಯ ಅಜ್ಜನಿಗೆ ಅದನ್ನು ನೆನಪಿಸುವ ನಮ್ಮ ಜನ, ಮನಸ್ಸಿನ ಕಾಯಿಲೆಯ ಮೊಮ್ಮಗಳಿಗೆ ಯಾಕೆ ನೆನಪಿಸುವುದಿಲ್ಲ?

ಹುಡುಗರ ಕಥೆ ಬೇರೆ. ಅವರು ಹೆಚ್ಚಾಗಿ ಬಿಡುವುದಿಲ್ಲ, ತಿನ್ನುತ್ತಾರೆ. ಬ್ಯಾಕ್ ಉಳಿದ ದಿನ, ಅಪ್ಪ ಎಲ್ಲರೆದುರು ಬೈದ ದಿನ ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಒಂದರ ಮೇಲೊಂದು ಪ್ಲೇಟು. ರೂಮಿಗೆ ಬಂದು ತನ್ನ ಮೇಲೇ ಅಸಹ್ಯ, ಮರುದಿನ ಪೂರ್ತಿ ಉಪವಾಸ ಮತ್ತು ಜಿಮ್ಮು. ‘ಗಂಡು ಹುಡುಗ, ತಿನ್ನಲಿ ಬಿಡು’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. (ಗೋಬಿಗೆ ಹಾಕುವ ಬಣ್ಣದ ವಿಚಾರದಲ್ಲಿ ನಮ್ಮ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿತು. ತಿನ್ನುವವನ ಮುಖದ ಬಣ್ಣಕ್ಕೆ ಯಾವ ಇಲಾಖೆಯೋ!) ಒಂದೇ ಸಲಕ್ಕೆ ತಡೆಯಿಲ್ಲದೆ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಪ್ರತ್ಯೇಕ ಕಾಯಿಲೆಯೆಂದು ಒಪ್ಪಿಕೊಂಡದ್ದೇ 2013ರಲ್ಲಿ.

‘ಮನಸ್ಸು ಗಟ್ಟಿ ಮಾಡಿಕೋ, ಎಲ್ಲ ಸರಿಹೋಗುತ್ತದೆ’ ಎಂದು ಉಪದೇಶಿಸುವವರು ಇನ್ನೊಂದು ವಿಷಯ ತಿಳಿಯಬೇಕು. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರದೇ ಒಪ್ಪಿಗೆಯಿಂದ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಆಯ್ದು ತಂದ ಗಟ್ಟಿ ಮನಸ್ಸಿನವರು ಅವರು. ಅಂಥವರೂ ಸಿಡಿಮಿಡಿಗೊಂಡರು, ಖಿನ್ನರಾದರು, ಮಾತು ಕಡಿಮೆ ಮಾಡಿದರು, ಹಗಲೂ ರಾತ್ರಿ ಊಟದ್ದೇ ಧ್ಯಾನ ಮಾಡಿದರು. ಮತ್ತೆ ಊಟ ಕೊಟ್ಟಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಮನಸ್ಸು ಕೆಟ್ಟು ಊಟ ಕೆಡುವ ಹಾಗೆ, ಊಟ ಕೆಟ್ಟು ಮನಸ್ಸೂ ಕೆಡುತ್ತದೆ. ಆದ್ದರಿಂದ ಬರೀ ಉಪದೇಶ ಸಾಲದು, ಬರೀ ತುರುಕಿ ತಿನ್ನಿಸುವುದೂ ಸಾಲದು. ಎರಡೂ ಕಡೆಯಿಂದ ಹಿಡಿಯಬೇಕು.

ಯಾರು ಹಿಡಿಯಬೇಕು? ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಶುರುವಾದದ್ದು 2022ರ ಅಕ್ಟೋಬರ್ 10ರಂದು. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಒಳ್ಳೆಯದೇ. ಆದರೆ ಮನೆಯ ಫೋನು ಅಣ್ಣನ ಜೇಬಿನಲ್ಲಿರುತ್ತದೆ, ಎರಡು ಕೋಣೆಯ ಮನೆಯಲ್ಲಿ ಪಿಸುಮಾತಿಗೂ ಕಿವಿಗಳಿವೆ. ಅವಳಿಗೆ ಮನೆಯ ಹೊರಗೆ ಇರುವ ಒಂದೇ ಜಾಗ ಕಾಲೇಜು.

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆ ಸೇರಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ತರಬೇತಾದ ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕವು ಹೊರಗಿನವರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು. ಇದು ವಿನಂತಿಯಲ್ಲ, ಆದೇಶ. ನಮ್ಮ ಊರಿನ ಪೋಷಕರೇ, ಹಳೆಯ ವಿದ್ಯಾರ್ಥಿಗಳೇ, ಜಮಾತಿನ, ಸಂಘಗಳ ಹಿರಿಯರೇ, ಕಾಲೇಜು ಸಮಿತಿಯ ಮುಂದಿನ ಸಭೆಯಲ್ಲಿ ಕಾಂಪೌಂಡಿನ ಬಣ್ಣ ಮತ್ತು ಶಾಸಕರ ಸನ್ಮಾನದ ಚರ್ಚೆ ಮುಗಿದ ಮೇಲಾದರೂ ಈ ಆದೇಶ ಏನಾಯಿತೆಂದು ಕೇಳಿ. ಎನ್ನೆಸ್ಸೆಸ್ ಅಧಿಕಾರಿಗೇ ಇನ್ನೊಂದು ಜವಾಬ್ದಾರಿ ಅಂಟಿಸಿ ರಿಜಿಸ್ಟರ್ ತೋರಿಸಿದರೆ ಒಪ್ಪಬೇಡಿ. ಬರುವವರು ತರಬೇತಿ ಇರುವವರಾಗಿರಲಿ, ಒಬ್ಬರಾದರೂ ಹೆಂಗಸಾಗಿರಲಿ, ಮನೆಮಾತು ದಖನಿಯಾದವಳು ದಖನಿಯಲ್ಲೇ ಅತ್ತರೂ ಅರ್ಥವಾಗುವಂತಿರಲಿ. ಹುಡುಗಿ ಹೇಳಿದ್ದು ಸಂಜೆಯೊಳಗೆ ಅಪ್ಪನ ಕಿವಿಗೆ ಮುಟ್ಟಬಾರದು. ಅವರು ಕೂರುವ ಕೋಣೆಗೆ ಮುಚ್ಚಿಕೊಳ್ಳುವ ಬಾಗಿಲಿರಲಿ, ಮತ್ತು ಆ ಕೋಣೆ ಸ್ಟಾಫ್ ರೂಮಿನ ಪಕ್ಕದಲ್ಲಿ ಬೇಡ.