ಒಂದು ಕಿವಿ ನಿನಗೆ, ಒಂದು ಕಿವಿ ನನಗೆ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕ ಕೂತು ಈ ಪುಟ ಓದುವ ತಾತ-ಅಜ್ಜಿಯರೇ,

ಈ ವಾರ ನನ್ನದೊಂದು ಕಳ್ಳತನ ಒಪ್ಪಿಕೊಳ್ಳಬೇಕಾಗಿದೆ. ದುಡ್ಡಿನದಲ್ಲ, ನಗುವಿನದು. ಎರಡು ವರ್ಷಗಳಿಂದ ನಾನು ಮನೆಯಲ್ಲಿ ನಕ್ಕ ನಗುವಿನಲ್ಲಿ ಅರ್ಧಕ್ಕರ್ಧ ಸುಳ್ಳು. ರಾತ್ರಿ ಊಟದ ಹೊತ್ತಿನಲ್ಲಿ ಮಗ ಏನೋ ಹೇಳುತ್ತಾನೆ. ಸೊಸೆ ನಗುತ್ತಾಳೆ, ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ನಾನೂ ನಗುತ್ತೇನೆ. ಅವನು ಹೇಳಿದ್ದೇನು ಅಂತ ಮಾತ್ರ ನನಗೆ ಗೊತ್ತಿರುವುದಿಲ್ಲ. ಒಂದು ಸಲ ‘ಏನಂದೆ?’ ಎನ್ನಬಹುದು, ಎರಡು ಸಲ ಎನ್ನಬಹುದು. ಮೂರನೆಯ ಸಲ ಕೇಳಿದರೆ ‘ಏನಿಲ್ಲ ಬಿಡಿ’ ಎಂಬ ಉತ್ತರ ಬರುತ್ತದೆ. ಆ ‘ಏನಿಲ್ಲ ಬಿಡಿ’ಯನ್ನು ಕೇಳುವುದಕ್ಕಿಂತ ಎಲ್ಲರ ಜೊತೆ ನಕ್ಕುಬಿಡುವುದು ಸುಲಭ. ಕಿವಿ ಮಂದವಾದ ಹಿರಿಯರಿಗೆಲ್ಲ ಈ ವಿದ್ಯೆ ಗೊತ್ತಿರುತ್ತದೆ.

ನನ್ನನ್ನು ಹಿಡಿದುಕೊಟ್ಟದ್ದು ಒಂದು ಪಾಡ್‌ಕಾಸ್ಟ್.

ಪಾಡ್‌ಕಾಸ್ಟ್ ಅಂದರೆ ಏನು ಎಂದು ಕೇಳುವ ತಾತಂದಿರಿಗೆ ಒಂದೇ ಮಾತು: ಅದು ನಮಗೆ ಬೇಕಾದಾಗ ಕೇಳಬಹುದಾದ ರೇಡಿಯೋ ಕಾರ್ಯಕ್ರಮ. ಏಳೂವರೆಗೆ ತಪ್ಪಿಹೋಯಿತು ಎಂದು ಕೈ ಹಿಸುಕಿಕೊಳ್ಳಬೇಕಾಗಿಲ್ಲ. ಮೊಬೈಲಿನಲ್ಲಿ ಅದು ಕಾದು ಕೂತಿರುತ್ತದೆ. ಆ ಹೆಸರಿಗೂ ಬಹಳ ವಯಸ್ಸಾಗಿಲ್ಲ. 2004ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಒಂದು ಲೇಖನದಲ್ಲಿ ಮೊದಲು ಕಾಣಿಸಿಕೊಂಡಿತು. ಹಾಡು ಕೇಳುವ ‘ಐಪಾಡ್’ ಯಂತ್ರದ ಬಾಲಕ್ಕೆ ಪ್ರಸಾರ ಎಂಬರ್ಥದ ‘ಬ್ರಾಡ್‌ಕಾಸ್ಟ್’ನ ತುದಿಯನ್ನು ಅಂಟಿಸಿದ ಪದ ಅದು.

ಏಳನೆಯ ತರಗತಿಯ ನಮ್ಮ ಮೊಮ್ಮಗಳಿಗೆ ನಗೆಯ ಪಾಡ್‌ಕಾಸ್ಟ್‌ಗಳ ಹುಚ್ಚು. ಒಂದು ಭಾನುವಾರ ಮಧ್ಯಾಹ್ನ ಮೊಬೈಲನ್ನು ಮೇಜಿನ ಮೇಲಿಟ್ಟು ‘ಜಸ್ಟ್ ಎ ಮಿನಿಟ್’ ಹಾಕಿದಳು. ಅವಳು ನಕ್ಕಾಗಲೆಲ್ಲ ನಾನೂ ನಕ್ಕೆ. ಐದು ನಿಮಿಷ ಆಗಿರಬೇಕು, ನಿಲ್ಲಿಸಿ ಕೇಳಿದಳು: ‘ತಾತ, ಈಗ ಅವರು ಯಾವ ಪದ ಎರಡು ಸಲ ಹೇಳಿದರು?’

ನಾನು ಛಾವಣಿ ನೋಡಿದೆ.

‘ಹಾಗಾದರೆ ನೀವು ನಕ್ಕಿದ್ದು ಯಾಕೆ?’

ಈ ಪ್ರಶ್ನೆಗೆ ಉತ್ತರವಿಲ್ಲ, ಮಕ್ಕಳೇ. ಅವಳು ಬೈಯಲಿಲ್ಲ, ಅಪ್ಪನಿಗೆ ಹೇಳುತ್ತೇನೆ ಅಂತಲೂ ಅನ್ನಲಿಲ್ಲ. ಒಳಗೆ ಹೋಗಿ ಇಯರ್‌ಫೋನ್ ತಂದಳು. ಒಂದು ತುದಿ ನನ್ನ ಬಲಗಿವಿಗೆ, ಇನ್ನೊಂದು ಅವಳ ಎಡಗಿವಿಗೆ. ಮಾತಿನ ವೇಗವನ್ನು ಕೊಂಚ ಕಡಿಮೆ ಮಾಡಿದಳು. ತಿಳಿಯದಿದ್ದಾಗ ಹದಿನೈದು ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿಯನ್ನು ತೋರಿಸಿಕೊಟ್ಟಳು. ಆ ಗುಂಡಿಯನ್ನು ನಾನು ಅವತ್ತು ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಮೊಬೈಲು ಒಂದು ಸಲವೂ ‘ಏನಿಲ್ಲ ಬಿಡಿ’ ಅನ್ನಲಿಲ್ಲ.

ಅಂದಿನಿಂದ ಸಂಜೆ ಅರ್ಧ ಗಂಟೆ ನಮ್ಮಿಬ್ಬರದು. ನಾವು ಕೇಳಿ ಮೆಚ್ಚಿದ ಕೆಲವನ್ನು ನಿಮಗೂ ಹೇಳುತ್ತೇನೆ.

ಒಂದು ನಿಮಿಷದ ಆಟ

ಮೊದಲನೆಯದು ಅದೇ ‘ಜಸ್ಟ್ ಎ ಮಿನಿಟ್’. ಬಿಬಿಸಿ ರೇಡಿಯೋದಲ್ಲಿ 1967ರಲ್ಲಿ ಶುರುವಾದದ್ದು, ಅಂದರೆ ನಿಮ್ಮಲ್ಲಿ ಅನೇಕರ ಅಪ್ಪ-ಅಮ್ಮಂದಿರಿಗಿಂತ ಹಿರಿಯದು. ನಿಕೋಲಸ್ ಪಾರ್ಸನ್ಸ್ ಎಂಬುವರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನಡೆಸಿಕೊಟ್ಟರು. ಈಗ ಸೂ ಪರ್ಕಿನ್ಸ್ ನಡೆಸುತ್ತಾರೆ. ನಿಯಮ ಸುಲಭ. ಕೊಟ್ಟ ವಿಷಯದ ಮೇಲೆ 60 ಸೆಕೆಂಡು ಮಾತಾಡಬೇಕು. ತಡವರಿಸಬಾರದು, ಹೇಳಿದ ಪದವನ್ನೇ ಮತ್ತೆ ಹೇಳಬಾರದು, ವಿಷಯ ಬಿಟ್ಟು ಆಚೆ ಹೋಗಬಾರದು. ತಪ್ಪು ಹಿಡಿದವರಿಗೆ ಒಂದು ಅಂಕ, ಉಳಿದ ಸೆಕೆಂಡುಗಳೂ ಅವರಿಗೇ. ಸೀಟಿ ಊದುವಾಗ ಮಾತಾಡುತ್ತಿದ್ದವರಿಗೂ ಒಂದು ಅಂಕ.

ಇದನ್ನು ಹುಟ್ಟಿಸಿದ ಇಯಾನ್ ಮೆಸಿಟರ್ ಶಾಲೆಯಲ್ಲಿದ್ದಾಗ ಪಾಠದ ನಡುವೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರಂತೆ. ಮೇಷ್ಟ್ರು ನಿಲ್ಲಿಸಿ, ‘ಈಗ ಒಂದು ನಿಮಿಷದಲ್ಲಿ ನಾನು ಹೇಳಿದ್ದನ್ನೆಲ್ಲ ತಡವರಿಸದೆ ಹೇಳು’ ಅಂದರಂತೆ. ವರ್ಷಗಳ ಮೇಲೆ ಬಸ್ಸಿನಲ್ಲಿ ಹೋಗುವಾಗ ಆ ಶಿಕ್ಷೆ ನೆನಪಾಗಿ ಆಟವಾಯಿತು. ನೋಡಿ ಮಕ್ಕಳೇ, ಬೈಸಿಕೊಂಡದ್ದೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ. 2012ರಲ್ಲಿ ಈ ಕಾರ್ಯಕ್ರಮ ಮುಂಬಯಿಗೂ ಬಂದು ಧ್ವನಿಮುದ್ರಣವಾಯಿತು.

ಮೀನೇ ಇಲ್ಲದ ಮೀನು

ಎರಡನೆಯದರ ಹೆಸರು ‘ನೋ ಸಚ್ ಥಿಂಗ್ ಆ್ಯಸ್ ಎ ಫಿಶ್’. ಮೀನು ಎಂಬುದೇ ಇಲ್ಲ ಎಂದರ್ಥ. 2014ರಿಂದ ಬರುತ್ತಿದೆ. ನಾಲ್ಕು ಜನ ಮೇಜಿನ ಸುತ್ತ ಕೂತು, ಆ ವಾರ ಓದಿ ತಿಳಿದ ಒಂದೊಂದು ವಿಚಿತ್ರ ಸಂಗತಿಯನ್ನು ಮುಂದಿಡುತ್ತಾರೆ. ಆಮೇಲೆ ಅದನ್ನು ಹಿಡಿದು ಎಳೆದಾಡಿ ನಗಿಸುತ್ತಾರೆ.

ಹೆಸರಿನ ಹಿಂದೆ ನಿಜವಾದ ವಿಜ್ಞಾನವಿದೆ. ನೀರಿನಲ್ಲಿರುವ ಎಲ್ಲವನ್ನೂ ನಾವು ಮೀನು ಅನ್ನುತ್ತೇವೆ. ವಂಶದ ಲೆಕ್ಕ ಹಾಕಿದರೆ ಅವೆಲ್ಲ ಒಂದೇ ಮನೆಯವಲ್ಲ. ಸಾಲ್ಮನ್ ಎಂಬ ಮೀನಿಗೆ ಹ್ಯಾಗ್‌ಫಿಶ್ ಎಂಬ ಲೋಳೆ ಮೀನಿಗಿಂತ ಒಂಟೆಯೇ ಹತ್ತಿರದ ನೆಂಟ! ಇದನ್ನು ಕೇಳಿದ ದಿನ ಮೊಮ್ಮಗಳು ಅಡುಗೆಮನೆಗೆ ಓಡಿ ಅಜ್ಜಿಗೆ ಹೇಳಿದಳು. ಅಜ್ಜಿ ತಲೆ ಎತ್ತದೆ, ‘ಅದಕ್ಕೇನೀಗ, ನಿಮ್ಮ ತಾತನಿಗೆ ಅವರ ಅಣ್ಣನಿಗಿಂತ ನಮ್ಮ ಹಸುವೇ ಹತ್ತಿರವಾಗಿತ್ತು’ ಅಂದಳು. ಆ ವಾರದ ನಗೆಗೆ ಮೊದಲ ಬಹುಮಾನ ಅದಕ್ಕೇ ಹೋಯಿತು.

ಒಂದು ಎಚ್ಚರಿಕೆ. ಇದು ದೊಡ್ಡವರಿಗಾಗಿ ಮಾಡಿದ ಕಾರ್ಯಕ್ರಮ. ನಡುನಡುವೆ ಮಕ್ಕಳ ಕಿವಿಗೆ ಬೇಡದ ಮಾತೂ ಬರುತ್ತದೆ. ಹಿರಿಯರು ಮೊದಲು ಕೇಳಿ, ಆರಿಸಿ ಕೊಡಬೇಕು. ‘ಜಸ್ಟ್ ಎ ಮಿನಿಟ್’ಗೂ ಇದೇ ಮಾತು.

ಚಿಕ್ಕವರಿಗೆ ಎರಡು

ಇನ್ನೂ ಚಿಕ್ಕ ಮಕ್ಕಳಿದ್ದರೆ ‘ವಾವ್ ಇನ್ ದ ವರ್ಲ್ಡ್’ ಒಳ್ಳೆಯದು. 2017ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಮಿಂಡಿ ಥಾಮಸ್ ಅವರದು ಸದಾ ಏನಾದರೊಂದು ಅವಾಂತರ, ಗೈ ರಾಜ್ ಅವರದು ಸದಾ ಗಾಬರಿ. ಇಬ್ಬರ ಜಗಳದ ನಡುವೆ ವಿಜ್ಞಾನದ ಹೊಸ ಸಂಶೋಧನೆಯೊಂದು ಮಕ್ಕಳ ತಲೆಗೆ ಹೋಗಿರುತ್ತದೆ.

‘ಸ್ಟೋರಿ ಪೈರೇಟ್ಸ್’ ನನಗೆ ಬಹಳ ಇಷ್ಟ. ಅದರಲ್ಲಿ ಕತೆ ಬರೆಯುವವರು ಮಕ್ಕಳು. ಅವರು ಬರೆದು ಕಳಿಸಿದ ಕತೆಯನ್ನು ನಟರು ಹಾಡು, ಅಭಿನಯ ಸೇರಿಸಿ ನಗೆನಾಟಕ ಮಾಡುತ್ತಾರೆ. ಮಗು ಎಷ್ಟು ತಲೆಕೆಳಗಾಗಿ ಬರೆದಿದ್ದರೂ ಅದನ್ನು ತಿದ್ದಿ ‘ಸರಿ’ ಮಾಡಲು ಹೋಗುವುದಿಲ್ಲ. ನಮ್ಮಂಥ ಹಿರಿಯರು ಕಲಿಯಬೇಕಾದ ಗುಣ ಅದು.

ಕಾಲುಚೀಲದೊಳಗಿನ ಕಸ್ಟರ್ಡ್

ಕೇಳುವ ಹಾಸ್ಯದ ಹಳೆಯ ಮನೆ ನೋಡಬೇಕೆಂದರೆ ‘ದ ಗೂನ್ ಶೋ’ ಹುಡುಕಿ. 1951ರಿಂದ 1960ರವರೆಗೆ ಬಿಬಿಸಿಯಲ್ಲಿ ಬಂದದ್ದು. ಅದನ್ನು ಬರೆದವರಲ್ಲಿ ಮುಖ್ಯರಾದ ಸ್ಪೈಕ್ ಮಿಲಿಗನ್ ಹುಟ್ಟಿದ್ದು ನಮ್ಮ ದೇಶದ ಅಹಮದ್‌ನಗರದಲ್ಲಿ, 1918ರಲ್ಲಿ. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದರು, ಬಾಲ್ಯ ಪುಣೆ, ರಂಗೂನುಗಳಲ್ಲಿ ಕಳೆಯಿತು.

ಕಸ್ಟರ್ಡ್ ತುಂಬಿದ ಕಾಲುಚೀಲದಿಂದ ಹೊಡೆದರೆ ಬರುವ ಸದ್ದು ಮಿಲಿಗನ್‌ಗೆ ಬೇಕಾಗಿತ್ತಂತೆ. ಬಿಬಿಸಿ ಕ್ಯಾಂಟೀನಿನ ಹೆಂಗಸು, ಪಾಪ, ಇವರಿಗೆ ಹೊಟ್ಟೆ ಸರಿಯಿಲ್ಲವೇನೋ ಎಂದು ಮುತುವರ್ಜಿಯಿಂದ ಕಸ್ಟರ್ಡ್ ಮಾಡಿಕೊಟ್ಟಳು. ಇವರು ಸ್ಟುಡಿಯೋಗೆ ಹೋಗಿ, ಕಾಲುಚೀಲ ಬಿಚ್ಚಿ, ಅದರೊಳಗೆ ಸುರಿದು ಗೋಡೆಗೆ ಬೀಸಿ ಹೊಡೆದರು. ಅಷ್ಟೆಲ್ಲ ಮಾಡಿದರೂ ಬೇಕಾದ ಸದ್ದು ಬರಲಿಲ್ಲವಂತೆ!  ಕಿವಿಗೆ ಮಾತ್ರ ಕೆಲಸ ಕೊಡುವ ಹಾಸ್ಯದಲ್ಲಿ ಸದ್ದಿಗೆ ಎಷ್ಟು ಬೆಲೆ ಎಂಬುದಕ್ಕೆ ಈ ಕತೆ ಸಾಕು.

ಮನೆಯ ಮಾತು

ಇಂಗ್ಲಿಷ್ ಕಷ್ಟವೆನಿಸುವವರು ಕನ್ನಡದಿಂದಲೇ ಶುರುಮಾಡಿ. ನಮ್ಮ ಕಾಲದಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಕ್ಯಾಸೆಟ್ಟಿನಲ್ಲಿ ಕೇಳಿದವರು ಎಷ್ಟು ಜನ! ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರ ಭಾಷಣಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮೊಬೈಲನ್ನು ಬೋರಲು ಮಲಗಿಸಿ ಕೇಳಿದರೆ ಅವೂ ಪಾಡ್‌ಕಾಸ್ಟೇ. ಪ್ರಾಣೇಶರ ಮಾತಿನಲ್ಲಿ ಬೀchiಯವರ ತಿಂಮ ಇಣುಕುತ್ತಾನೆ. ‘ಯಾರು ತಾತ ತಿಂಮ?’ ಎಂದು ಮಗು ಕೇಳುತ್ತದೆ. ಆಗ ಕಪಾಟಿನಿಂದ ಹಳೆಯ ಪುಸ್ತಕ ಹೊರಗೆ ಬರುತ್ತದೆ. ಇಂಗ್ಲಿಷಿನ ನಗೆಯನ್ನು ಮೊಮ್ಮಗಳು ನನಗೆ ಬಿಡಿಸಿ ಹೇಳುತ್ತಾಳೆ, ತಿಂಮನನ್ನು ನಾನು ಅವಳಿಗೆ ಬಿಡಿಸಿ ಹೇಳುತ್ತೇನೆ. ಲೆಕ್ಕ ಚುಕ್ತಾ.

ಅಜ್ಜಿಯ ಅರವತ್ತು ಸೆಕೆಂಡು

ಈಗ ‘ಜಸ್ಟ್ ಎ ಮಿನಿಟ್’ ಆಟವನ್ನು ಕನ್ನಡದಲ್ಲಿ ನಾವೇ ಆಡುತ್ತೇವೆ. ಗುಂಡಿಯ ಬದಲು ಸ್ಟೀಲು ತಟ್ಟೆ, ಚಮಚ. ವಿಷಯದಲ್ಲಿರುವ ಪದವನ್ನು ಎಷ್ಟು ಸಲ ಬೇಕಾದರೂ ಹೇಳಬಹುದು, ಬೇರೆ ಯಾವುದನ್ನೂ ಕೂಡದು. ನನಗೆ ‘ಮಸಾಲೆ ದೋಸೆ’ ಬಂತು. ‘ಮಸಾಲೆ ದೋಸೆ ಅಂದರೆ ಕಾವಲಿಯ ಮೇಲೆ... ಅಂದರೆ...’ ಠಣ್! ಹನ್ನೊಂದು ಸೆಕೆಂಡಿಗೆ ಔಟ್. ನಾನು ಮಾತಿಗೊಮ್ಮೆ ‘ಅಂದರೆ’ ಅನ್ನುತ್ತೇನೆ ಎಂದು ಅವತ್ತೇ ಗೊತ್ತಾಯಿತು. ಮೊಮ್ಮಗಳದು ‘ಆಮೇಲೆ’, ಮಗನದು ‘ಆಕ್ಚುವಲಿ’. ಅಜ್ಜಿಗೆ ‘ತಾತನ ಕನ್ನಡಕ’ ಎಂಬ ವಿಷಯ ಬಂತು. ಅದು ಎಲ್ಲೆಲ್ಲಿ ಕಳೆದಿತ್ತು, ಎಲ್ಲೆಲ್ಲಿ ಸಿಕ್ಕಿತು ಎಂದು ಒಂದು ಪದವನ್ನೂ ಮರುಕಳಿಸದೆ ಅರವತ್ತು ಸೆಕೆಂಡು ತುಂಬಿಸಿದಳು. ತಟ್ಟೆ ಬಾರಿಸಲು ಯಾರಿಗೂ ಅವಕಾಶವೇ ಸಿಗಲಿಲ್ಲ.

ಆದರೆ ಈ ಆಟದಲ್ಲಿ ಒಂದು ಗುಟ್ಟಿದೆ. ಮಾತಾಡುವುದು ಅರ್ಧ ಆಟ, ಉಳಿದರ್ಧ ಕೇಳುವುದು. ಕೇಳಿಸದವನು ತಟ್ಟೆ ಬಾರಿಸಲಾರ. ನಾಲ್ಕು ಸುತ್ತು ಆದರೂ ನನ್ನ ಚಮಚ ಅಲ್ಲಾಡಲಿಲ್ಲ. ಇಯರ್‌ಫೋನಿನಲ್ಲಿ ಹಿಂದಕ್ಕೆ ಓಡಿಸಿ ಕೇಳಿದಂತೆ ಎದುರಿಗಿರುವ ಮೊಮ್ಮಗಳನ್ನು ಹಿಂದಕ್ಕೆ ಓಡಿಸಲಾಗುವುದಿಲ್ಲವಲ್ಲ! ಮಗ ನನ್ನ ಮುಖವನ್ನೇ ನೋಡಿದ. ‘ಎಷ್ಟು ದಿನದಿಂದ ಅಪ್ಪಾ?’ ಅಂದ. ಹೇಳಿದೆ.

ಮರುವಾರ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆವು. ಮೊಮ್ಮಗಳು ರಜೆ ಹಾಕಿ ಜೊತೆಗೆ ಬಂದಳು. ಈಗ ಎಡಗಿವಿಯ ಹಿಂದೆ ಪುಟ್ಟ ಯಂತ್ರ ಕೂತಿದೆ. ಮೊದಲ ವಾರ ಫ್ಯಾನಿನ ಸದ್ದೂ, ಪೇಪರು ಮಡಚುವ ಸದ್ದೂ ಗದ್ದಲವೆನಿಸಿತು. ನಿಧಾನಕ್ಕೆ ರೂಢಿಯಾಗುತ್ತಿದೆ.

ಮಕ್ಕಳೇ, ನಿಮಗೆ ಎರಡು ಮಾತು. ಇಯರ್‌ಫೋನಿನ ಸದ್ದು ಪೂರ್ತಿ ಮಟ್ಟದ 60 ಶೇಕಡ ದಾಟದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದು. ಹೋದ ಕಿವಿ ಹಿಂದಿರುಗುವುದಿಲ್ಲ. ಇನ್ನೊಂದು: ಮನೆಯಲ್ಲಿ ತಾತನೋ ಅಜ್ಜಿಯೋ ನಗುವಾಗ ಒಮ್ಮೆ ಅವರ ಕಣ್ಣು ನೋಡಿ. ಬಾಯಿ ನಕ್ಕು ಕಣ್ಣು ನಿಮ್ಮನ್ನೇ ನೋಡುತ್ತಿದ್ದರೆ, ಅವರಿಗೆ ಕೇಳಿಸಿಲ್ಲ ಎಂದರ್ಥ. ಎದುರು ಕೂತು ಇನ್ನೊಮ್ಮೆ ಹೇಳಿ. ‘ಏನಿಲ್ಲ ಬಿಡಿ’ ಮಾತ್ರ ಅನ್ನಬೇಡಿ.

ಹಿರಿಯರೇ, ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದುಬಿಡಿ. ಹೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಮೊನ್ನೆ ಊಟದ ಹೊತ್ತಿನಲ್ಲಿ ಮಗ ಏನೋ ಹೇಳಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ‘ಯಾಕೆ ತಾತ, ಕೇಳಿಸಲಿಲ್ಲವಾ?’ ಎಂದು ಮೊಮ್ಮಗಳು ಆತಂಕದಿಂದ ಕೇಳಿದಳು.

‘ಚೆನ್ನಾಗಿ ಕೇಳಿಸಿತು ಪುಟ್ಟಿ, ಜೋಕೇ ಚೆನ್ನಾಗಿರಲಿಲ್ಲ’ ಅಂದೆ.

ಮುಂದಿನ ವಾರ ಸಿಗೋಣ. ಅಷ್ಟರಲ್ಲಿ ನಿಮ್ಮ ಮನೆಯಲ್ಲೂ ಒಂದು ನಿಮಿಷದ ಆಟ ಆಡಿ. ಯಾರ ‘ಅಂದರೆ’, ಯಾರ ‘ಆಮೇಲೆ’ ಸಿಕ್ಕಿಬಿದ್ದಿತು ಎಂದು ನನಗೂ ಬರೆದು ತಿಳಿಸಿ.